ಒಂಟಿ ಹವಳಕ್ಕೊಂದು ಜೊತೆ

ಮೇ 28, ಬುಧವಾರ

ಈ ನೋಟ್‌ಬುಕ್ಕಿನ ಮೊದಲ ಹನ್ನೆರಡು ಪುಟಗಳಲ್ಲಿ ಗಣಿತದ ಲೆಕ್ಕಗಳಿವೆ. ಎಲ್ಲವೂ ತಪ್ಪು. ಹದಿಮೂರನೆಯ ಪುಟದಿಂದ ನನ್ನ ಆಳ್ವಿಕೆಯ ಚರಿತ್ರೆ ಆರಂಭವಾಗುತ್ತದೆ. ಓದುವವರು ಎದ್ದು ನಿಲ್ಲತಕ್ಕದ್ದು. ಓದುವವಳು ನಾನೊಬ್ಬಳೇ ಆದ್ದರಿಂದ ಎದ್ದು ನಿಂತು ಮತ್ತೆ ಕೂತೆ.

ರಾಜ್ಯದ ಸ್ಥಿತಿಗತಿ: ಹತ್ತನೇ ಕ್ಲಾಸಿನಲ್ಲಿ ಐದು ವಿಷಯ ಪಾಸು, ಗಣಿತ ಫೇಲು. ಮರುಪರೀಕ್ಷೆ ಸೆಪ್ಟೆಂಬರಿನಲ್ಲಿ. ಕ್ಲಾಸಿನ ಉಳಿದ ಮೂವತ್ತೊಂಬತ್ತು ಮಂದಿಯೂ ಕಾಲೇಜು ಸೇರಿದರು. ಗೂಬೆಯೂ ಹೋದಳು. ಗೂಬೆ ಎಂದರೆ ಒಂದನೇ ಕ್ಲಾಸಿನಿಂದ ನನ್ನ ಸಕಲ ಅಪರಾಧಗಳ ಪಾಲುದಾರಳು. ಹೆಡ್‌ಮಾಸ್ಟರರ ಕುರ್ಚಿಗೆ ನಾನು ಗೋಂದು ಹಚ್ಚುವಾಗ ಬಾಗಿಲು ಕಾದವಳು ಅವಳೇ. ಈಗ ಬೇರೆ ಊರಿನ ಹಾಸ್ಟೆಲಿನಲ್ಲಿದ್ದಾಳೆ. ನಿನ್ನೆ ನಾನು ಕಳಿಸಿದ ಮೆಸೇಜಿನಲ್ಲಿ ನಲವತ್ತೆರಡು ಪದಗಳಿದ್ದವು. ಉತ್ತರ: "ಹ ಹ". ಇದು ಒಂದು ಪದವೋ ಎರಡೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಅಮ್ಮ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಜನರ ಪ್ಯಾಂಟುಗಳನ್ನು ಗಿಡ್ಡ ಮಾಡುತ್ತಾಳೆ. ಫಲಿತಾಂಶ ಬಂದ ದಿನ ಇಬ್ಬರೂ ಬೈಯಲಿಲ್ಲ. ತೊಂದರೆ ಇರುವುದೇ ಅಲ್ಲಿ. ಅವತ್ತಿನಿಂದ ಆಸ್ಪತ್ರೆಯ ವಾರ್ಡಿನಲ್ಲಿ ಇರುವವರಂತೆ ಮೆಲ್ಲಗೆ ಮಾತನಾಡುತ್ತಾರೆ. "ನಾಳೆಯಿಂದ ಲೈಬ್ರರಿಗೆ ಹೋಗಿ ಓದ್ತೀನಿ" ಎಂದೆ. "ಆಯ್ತು ಪುಟ್ಟಾ" ಎಂದರು ಇಬ್ಬರೂ ಒಟ್ಟಿಗೆ. ಪುಟ್ಟಾ ಅಂತೆ! ಏಳು ವರ್ಷದಿಂದ ಆ ಹೆಸರು ಚಲಾವಣೆಯಲ್ಲಿರಲಿಲ್ಲ.

ಮೇ 30, ಶುಕ್ರವಾರ

ಲೈಬ್ರರಿಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ನನ್ನ ಕ್ಲಾಸಿನ ಮೂವರು ಹೊಸ ಬ್ಯಾಗು ಹಾಕಿಕೊಂಡು ನಿಂತಿದ್ದರು. ರಸ್ತೆಯ ಆಚೆ ಬದಿಯಲ್ಲಿ ಮ್ಯೂಸಿಯಂ ಇದೆ. ಹದಿನೆಂಟು ತುಂಬದವರಿಗೆ ಪ್ರವೇಶ ಉಚಿತ. ಅದಕ್ಕಿಂತ ಮುಖ್ಯವಾಗಿ, ನನಗೆ ಗೊತ್ತಿರುವ ಯಾವ ಪ್ರಾಣಿಯೂ ಸ್ವಇಚ್ಛೆಯಿಂದ ಅಲ್ಲಿಗೆ ಕಾಲಿಡುವುದಿಲ್ಲ.

ಕೆಳಗಿನ ಹಾಲ್‌ನಲ್ಲಿ ಈ ಸೀಮೆಯ ಚರಿತ್ರೆ: ತುಕ್ಕು ಹಿಡಿದ ತಕ್ಕಡಿ, ಒಡೆದು ಅಂಟಿಸಿದ ಮಡಕೆಗಳು, ಹಗ್ಗ ಕಟ್ಟಿದ ಕಟ್ಟೆಯ ಮೇಲೆ ಮಗ್ಗದ ಮುಂದೆ ಪ್ಲಾಸ್ಟರಿನ ನೇಕಾರ ಸಂಸಾರ. ಗಂಡ, ಹೆಂಡತಿ, ಒಬ್ಬ ಮಗ. ಮಗನ ಪಕ್ಕದಲ್ಲಿ ಒಂದು ಖಾಲಿ ಚಾಪೆ. ಆ ಸಂಸಾರಕ್ಕೆ ಮಗಳಿಲ್ಲದ ಕೊರತೆ ನನ್ನ ಹೃದಯವನ್ನು ಕಲಕಿತು. ಹಗ್ಗ ದಾಟಿ ಕೂತೆ. ಕೈಯಲ್ಲಿ ನೂಲಿನ ಉಂಡೆ, ಕಣ್ಣು ನೇರ, ಉಸಿರು ಎಣಿಸಿಕೊಂಡು. ಒಂದು ಶಾಲೆಯ ಮಕ್ಕಳು ಸಾಲಾಗಿ ಬಂದರು. "ಇದು ಹೆಚ್ಚು ನಿಜದ ಥರ ಇದೆ ಮಿಸ್" ಎಂದ ಒಬ್ಬ. ನಾನು ಬಹಳ ಗಂಭೀರವಾಗಿ ಅವನಿಗೆ ಕಣ್ಣು ಹೊಡೆದೆ.

ಗಲಾಟೆ ಬೀದಿಯವರೆಗೆ ಕೇಳಿಸಿತಂತೆ.

ನನ್ನನ್ನು ತೋಳು ಹಿಡಿದು ಎಬ್ಬಿಸಿದವರು ಅಲ್ಲಿನ ಅಟೆಂಡರ್. ಐವತ್ತು ದಾಟಿದ ಹೆಂಗಸು, ಸೊಂಟದಲ್ಲಿ ಅರ್ಧ ಕಿಲೋ ಬೀಗದಕೈ. ಕೀಲಿಯಮ್ಮ ಎಂದು ಅಲ್ಲೇ ನಾಮಕರಣ ಮಾಡಿದೆ.

"ಗೊಂಬೆ ಆಗೋಕೆ ಇಷ್ಟಾನಾ? ಬಾ. ಮೇಲೆ ನನ್ನ ಹಾಲ್‌ನಲ್ಲಿ ಒಂದು ಗಂಟೆ ಅಲ್ಲಾಡದೆ ಕೂತ್ಕೋ. ಅಲ್ಲಾಡಿದ್ರೆ ಇನ್ನೊಂದು ಗಂಟೆ."

"ಆಂಟಿ, ತಪ್ಪಾಯ್ತು..."

"ಆಂಟಿ ಗೀಂಟಿ ಬೇಡ. ಅಕ್ಕ ಅನ್ನು."

ಮೇಲಿನದು ಪಳೆಯುಳಿಕೆಗಳ ಹಾಲ್. ಆರು ಗಾಜಿನ ಪೆಟ್ಟಿಗೆ, ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಬೆಂಚು. ಬೆಂಚಿನ ಮೇಲೆ ಎರಡು ಗಂಟೆ ಕೂತೆ. ಶಿಕ್ಷೆ ಒಂದೇ ಗಂಟೆಯದಿತ್ತು.

ಜೂನ್ 9, ಸೋಮವಾರ

ಸೋಮವಾರ ಮ್ಯೂಸಿಯಂಗೆ ರಜೆ. ಅವತ್ತು ಕೀಲಿಯಮ್ಮ ಒಂದು ಪೆಟ್ಟಿಗೆ ತೆಗೆದು ಧೂಳು ಹೊಡೆಯುತ್ತಾರೆ. ವಾರಕ್ಕೊಂದೇ ಪೆಟ್ಟಿಗೆ, ಆರು ವಾರಕ್ಕೆ ಒಂದು ಸುತ್ತು. "ಹಿಂದಿನ ಬಾಗಿಲಿಂದ ಬಾ, ಬಾಯಿ ಮುಚ್ಕೊಂಡು ಬಾ" ಎಂದಿದ್ದರು. ಹೋದೆ.

ನಿಯಮಗಳು: ಕಲ್ಲನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಕೈಯಲ್ಲಿ ಹಿಡಿದು ನಡೆಯುವ ಹಾಗಿಲ್ಲ. ಬಟ್ಟೆ ಹಾಸಿದ ತಟ್ಟೆಯಲ್ಲಿಟ್ಟು ನಡೆಯಬೇಕು. ಪ್ರತಿ ಕಲ್ಲಿನ ಬೆನ್ನಿಗೂ ಬಿಳಿ ಬಣ್ಣದ ಚುಕ್ಕೆ, ಅದರ ಮೇಲೆ ಕಪ್ಪು ಇಂಕಿನಲ್ಲಿ ಸಂಖ್ಯೆ. ಸಂಖ್ಯೆ ಅಳಿಸಿದರೆ ಆ ಕಲ್ಲು ಬರೀ ಕಲ್ಲು. ಕೊನೆಯ ನಿಯಮ ಕೀಲಿಯಮ್ಮ ನನಗಾಗಿಯೇ ಮಾಡಿದ್ದು: ಒಂದು ಲೆಕ್ಕ ಸರಿ ಮಾಡಿದರೆ ಒಂದು ಕಲ್ಲು ಕೈಗೆ.

ಅವರು ಓದಿದ್ದು ಏಳನೆಯ ತರಗತಿ. ಪುಸ್ತಕದ ಹಿಂದಿನ ಉತ್ತರ ನೋಡಿ ಹೇಳುತ್ತಾರೆ. ಇವತ್ತು ಎರಡು ಕಲ್ಲು ಮುಟ್ಟಿದೆ.

"ಭಾಗಾಕಾರ ಮಾಡಿ ಉಳಿದಿದ್ದನ್ನ ಎಲ್ಲಿ ಹಾಕ್ದೆ?"

"ಬಿಟ್ಟೆ ಅಕ್ಕ. ಚೂರು ಉಳಿದಿತ್ತು."

"ಚೂರು ಅಂತ ಬಿಟ್ರೆ ಇಲ್ಲಿ ಇಟ್ಟಿರೋದೆಲ್ಲ ಚೂರೇ ಅಲ್ವಾ?"

ಜೂನ್ 21, ಶನಿವಾರ

ಗೂಬೆಗೆ ಪ್ಲಾಸ್ಟರ್ ಸಂಸಾರದ ಕಥೆಯನ್ನು ವಿಸ್ತಾರವಾಗಿ ಬರೆದೆ. ಅವಳು ಒಂದು ಫೋಟೋ ಕಳಿಸಿದಳು: ಐದು ಹುಡುಗಿಯರು, ಒಂದೇ ಥರದ ಟೋಪಿ. ಮಧ್ಯದಲ್ಲಿ ಗೂಬೆ. ನನ್ನ ಕಥೆಗೆ ಉತ್ತರವಿಲ್ಲ. ಟೋಪಿಗಳು ಸುಂದರವಾಗಿವೆಯೆಂದು ಷರಾ ಬರೆದು ಕಳಿಸಿದೆ.

ಮಧ್ಯಾಹ್ನ ನಾಲ್ಕನೆಯ ಪೆಟ್ಟಿಗೆಯ ಮುಂದೆ ನಿಂತಿದ್ದೆ. ಕೆಳಗಿನ ಸಾಲಿನಲ್ಲಿ ದೊಡ್ಡ ಕೋಟಿನ ಗುಂಡಿಯ ಹಾಗಿರುವ ಕಲ್ಲು. ನಡುವಿನಿಂದ ಅಂಚಿಗೆ ಸುತ್ತಲೂ ಗೆರೆಗಳು. ಚೀಟಿಯಲ್ಲಿ ಹೀಗಿದೆ: "ಪ 214, ಒಂಟಿ ಹವಳ. ಗುಂಪು ಕಟ್ಟದೆ ಒಂದೊಂದಾಗಿ ಬದುಕುವ ಬಗೆ. ಈ ಪ್ರದೇಶ ಸಮುದ್ರವಾಗಿದ್ದ ಕಾಲದ್ದು. ಒಂದೇ ಮಾದರಿ ದೊರೆತಿದೆ."

ಇಷ್ಟು ಕೋಟಿ ವರ್ಷ ಆದ ಮೇಲೂ ಅದನ್ನು ಹೀಗೆ ಒಂಟಿ ಎಂದು ಕರೆಯುವುದು ಸರಿಯಲ್ಲ. ಸಭೆ ಸೇರಿಸಿದೆ, ಅದಕ್ಕೊಂದು ಜೊತೆ ಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಜೂನ್ 28, ಶನಿವಾರ

ಅಪ್ಪನ ಟೂಲ್ ಬ್ಯಾಗಿನಲ್ಲಿ ಬಳಪದ ಕಲ್ಲಿನ ಗಟ್ಟಿ ಇರುತ್ತದೆ, ಕಬ್ಬಿಣದ ಮೇಲೆ ಗುರುತು ಹಾಕಲು. ಉಗುರಿನಲ್ಲಿ ಕೆರೆದರೂ ಬರುತ್ತದೆ. ಒಂದು ತುಂಡು ನನ್ನ ಸ್ವಾಧೀನಕ್ಕೆ ಬಂತು. ಹತ್ತು ವರ್ಷದಿಂದ ನಿರುದ್ಯೋಗಿಯಾಗಿದ್ದ ನನ್ನ ಕಂಪಾಸಿಗೂ ಕೋನಮಾಪಕಕ್ಕೂ ಕೊನೆಗೆ ಕೆಲಸ ಸಿಕ್ಕಿತು. ಅಸಲಿನಲ್ಲಿ ಇಪ್ಪತ್ತೇಳು ಗೆರೆ. ಮೂರು ದಿನ ಗಾಜಿಗೆ ಮೂಗೊತ್ತಿ ಎಣಿಸಿದ್ದೇನೆ. ಈ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಚಿತ್ರ ಬರೆದು, 360ನ್ನು 27ರಿಂದ ಭಾಗಿಸಿ, ಗೆರೆ ಕೊರೆದೆ. ಕೊನೆಯಲ್ಲಿ ಯಾಕೋ ಒಂದು ಕಡೆ ಜಾಗ ಅಗಲವಾಗಿ ಉಳಿಯಿತು. ನಿಸರ್ಗದ ಲೀಲೆ ಎಂದು ಬಿಟ್ಟೆ. ಟೀ ಡಿಕಾಕ್ಷನ್ನಿನಲ್ಲಿ ನೆನೆಸಿ, ಕಂದು ಬೂಟ್ ಪಾಲಿಶ್ ತಿಕ್ಕಿ, ಬೆನ್ನಿಗೆ ಬಿಳಿ ಚುಕ್ಕೆ ಇಟ್ಟು ಅಸಲಿನ ಸಂಖ್ಯೆಯನ್ನೇ ಬರೆದೆ: ಪ 214. ಅವಳಿಗಳಿಗೆ ಒಂದೇ ಮನೆ ನಂಬರು ಇರಬೇಕಲ್ಲವೇ.

ಅಮ್ಮ ನನ್ನ ಬೆರಳು ನೋಡಿದಳು. "ಲೈಬ್ರರಿಯಲ್ಲಿ ಬೂಟ್ ಪಾಲಿಶ್ ಕೂಡ ಕಲಿಸ್ತಾರಾ?" ಎಂದಳು. ನಾನು ನಕ್ಕೆ. ಅಮ್ಮ ನಗಲಿಲ್ಲ.

ಜೂನ್ 30, ಸೋಮವಾರ

ಇವತ್ತು ನಾಲ್ಕನೆಯ ಪೆಟ್ಟಿಗೆಯ ಸರದಿ. ಕೀಲಿಯಮ್ಮ ಬಟ್ಟೆ ಕೊಡವಲು ಕಿಟಕಿಗೆ ಹೋದಾಗ ಒಂಟಿ ಹವಳದ ಹಿಂದೆ, ಗೋಡೆಯ ಕಡೆಗೆ, ಜೊತೆಗಾರನನ್ನು ಇಟ್ಟೆ. ಅವರು ಬೀಗ ಹಾಕಿದರು.

ಇಂದು ಅಥವಾ ನಾಳೆ ಕಣ್ಣಿಗೆ ಬೀಳುತ್ತದೆ. "ಏ ಕೋತಿ!" ಎಂದು ಕೂಗುತ್ತಾರೆ. ಆಮೇಲೆ ನಗುತ್ತಾರೆ. ಕೀಲಿಯಮ್ಮ ನಗುವುದನ್ನು ನಾನು ಇನ್ನೂ ನೋಡಿಲ್ಲ. ಹಲ್ಲು ಎಷ್ಟಿವೆಯೆಂದು ತಿಳಿಯುವ ವೈಜ್ಞಾನಿಕ ಕುತೂಹಲ, ಅಷ್ಟೇ.

ಜುಲೈ 9, ಬುಧವಾರ

ಹತ್ತು ದಿನವಾಯಿತು, ಯಾರೂ ನೋಡಿಲ್ಲ. ಕೀಲಿಯಮ್ಮ ದಿನಾ ಮೂರು ಸಲ ಆ ಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋಗುತ್ತಾರೆ. ಬಂದವರು ನೋಡುವುದಿಲ್ಲ. ಕ್ಯುರೇಟರ್ ಸಾರ್ ಬಂದು ಕನ್ನಡಕ ಒರೆಸಿಕೊಂಡು ಹೋದರು, ನೋಡಲಿಲ್ಲ. ಒಬ್ಬ ಮುದುಕರು ಗಾಜಿನಲ್ಲಿ ತಮ್ಮ ತಲೆ ಬಾಚಿಕೊಂಡರು.

ಚೇಷ್ಟೆ ಮಾಡಿ ಬೈಸಿಕೊಂಡು ಅಭ್ಯಾಸವಿದೆ. ಚೇಷ್ಟೆ ಮಾಡಿ ಯಾರಿಗೂ ಗೊತ್ತೇ ಆಗದೆ ಇರುವುದು ಹೊಸದು. ಬಾಗಿಲು ಕಾಯಲು ಗೂಬೆ ಇದ್ದಿದ್ದರೆ ನಾವಿಬ್ಬರಾದರೂ ನಗುತ್ತಿದ್ದೆವು.

ಲೆಕ್ಕ: ಆರು ಸರಿ.

ಜುಲೈ 22, ಮಂಗಳವಾರ

ಬೆಂಚಿನಲ್ಲಿ ಕೂತು ಮೂರು ಅಧ್ಯಾಯ ಮುಗಿದವು. ಜನ ಬಾರದ ಹಾಲ್‌ನಲ್ಲಿ ಬೇರೆ ಮಾಡುವುದೇನು. ಕೀಲಿಯಮ್ಮ ತಮ್ಮ ಡಬ್ಬಿಯ ಮುಚ್ಚಳದಲ್ಲಿ ನನಗೂ ಅರ್ಧ ಹಾಕಿ, "ತಿಂದ್ಕೊಂಡು ಮಾಡು, ಕಲ್ಲು ಎಲ್ಲೂ ಓಡಿ ಹೋಗಲ್ಲ" ಎಂದರು. ಅವರು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಈಗಲೂ ವರ್ಷವರ್ಷ ಆರ್ಡರ್ ಬರಬೇಕು, ಖಾಯಂ ಆಗಿಲ್ಲ. ಮನೆಯಲ್ಲಿ ಮಗ, ಸೊಸೆ. "ಅವರಿಬ್ಬರೂ ಮಾತಾಡ್ತಾರೆ, ನಾನು ಕೇಳಿಸ್ಕೊಳ್ತೀನಿ" ಎಂದರು.

ಗೂಬೆಯಿಂದ ಉದ್ದದ ಮೆಸೇಜು ಬಂದಿದೆ. ನಾಳೆ ಓದಬೇಕು.

ಆಗಸ್ಟ್ 7, ಗುರುವಾರ

ಮ್ಯೂಸಿಯಂನಲ್ಲಿ ತಪಾಸಣೆಯಂತೆ. ಮೂರು ವರ್ಷಕ್ಕೊಮ್ಮೆ ರಿಜಿಸ್ಟರ್ ಹಿಡಿದು ಒಂದೊಂದೇ ವಸ್ತು ಎತ್ತಿ ಸಂಖ್ಯೆ ನೋಡುತ್ತಾರೆ. ನಾನು ಮೇಲೆ ಹೋದಾಗ ನಾಲ್ಕನೆಯ ಪೆಟ್ಟಿಗೆ ತೆರೆದಿತ್ತು. ಕುತ್ತಿಗೆಗೆ ಭೂತಗನ್ನಡಿ ತಗುಲಿಸಿಕೊಂಡ ತಪಾಸಣಾ ಅಧಿಕಾರಿ ಮೇಡಂ ಎರಡು ಅಂಗೈಯಲ್ಲಿ ಎರಡು ಗುಂಡಿ-ಕಲ್ಲುಗಳನ್ನು ಹಿಡಿದು ನಿಂತಿದ್ದರು.

ಯಾರೂ ನಗುತ್ತಿರಲಿಲ್ಲ.

"ನಕಲು ಮಾಡಿ ಪಕ್ಕದಲ್ಲಿಟ್ಟಿದ್ದಾರೆ. ಸಂಖ್ಯೆ ಕೂಡ ಅದೇ" ಎಂದರು ಮೇಡಂ. "ಇನ್ನೊಂದು ವಾರ ಬಿಟ್ಟು ಅಸಲನ್ನ ಎತ್ತಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಬೇರೆ ಕಡೆ ಹೀಗೇ ಎರಡು ಕಳ್ಳತನ ಆಗಿದೆ."

"ಕೀಲಿ ಒಬ್ಬರ ಹತ್ತಿರಾನೇ ಇರೋದು" ಎಂದರು ಕ್ಯುರೇಟರ್ ಸಾರ್, ನೆಲ ನೋಡುತ್ತಾ.

ಕೀಲಿಯಮ್ಮ ನನ್ನ ಕಡೆ ಒಮ್ಮೆ ನೋಡಿದರು. ಅಷ್ಟರಲ್ಲೇ ಅವರಿಗೆ ಎಲ್ಲಾ ಗೊತ್ತಾಯಿತು. ಆದರೂ ಹೇಳಿದ್ದು ಇಷ್ಟೇ: "ಇವತ್ತು ಈ ಹಾಲ್ ಮುಚ್ಚಿದೆ. ಮನೆಗೆ ಹೋಗಮ್ಮ."

ಮೆಟ್ಟಿಲಿನಲ್ಲಿ ಕಾದು ನಿಂತೆ. ಅವರು ಇಳಿದು ಬಂದರು. ಸೊಂಟದಲ್ಲಿ ಕೀಲಿ ಇರಲಿಲ್ಲ. ನಡೆಯುವಾಗ ಸದ್ದೇ ಬರಲಿಲ್ಲ.

"ಅಕ್ಕ, ನಾನು ಹೇಳ್ತೀನಿ..."

"ಏನೂ ಹೇಳಬೇಡ. ಹೊರಗಿನವರ ಮುಂದೆ ಪೆಟ್ಟಿಗೆ ತೆಗೆದೆ ಅಂದ್ರೆ ಅದೊಂದು ಬೇರೆ ತಪ್ಪು. ಪೊಲೀಸು ಅಂತ ಬೇರೆ ಅಂತಿದ್ದಾರೆ. ನಿನ್ನ ಹೆಸರು ಅದರಲ್ಲಿ ಬೇಡ. ಪರೀಕ್ಷೆ ಬರಿ, ಹೋಗು."

"ನಿಮ್ಮ ಕೆಲಸ?"

"ಸೋಮವಾರ ವಿವರಣೆ ಬರ್ಕೊಡಬೇಕು. ಏನು ಬರೀಲಿ, ಗೊತ್ತಿಲ್ಲ ಅಂತ ಬರೀತೀನಿ. ಈ ಸಲದ ಆರ್ಡರ್ ಬರಲ್ಲ ಅಷ್ಟೇ."

ಆಗಸ್ಟ್ 8, ಶುಕ್ರವಾರ

ಏನೂ ಇಲ್ಲ.

ಆಗಸ್ಟ್ 10, ಭಾನುವಾರ

ಅಪ್ಪ ಅಮ್ಮನಿಗೆ ಹೇಳಿದೆ. ಲೈಬ್ರರಿ ಸುಳ್ಳಿನಿಂದ ಹಿಡಿದು ಕಲ್ಲಿನವರೆಗೆ. ಅಪ್ಪ ಕೊನೆಗೂ ಬೈದರು. ಗೋಡೆಯ ಆಚೆ ಮನೆಯವರಿಗೆ ಕೇಳಿಸುವ ಹಾಗೆ ಬೈದರು. "ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲೇ!" ಎಂದರು. ಬೈದು ಮುಗಿದ ಮೇಲೆ ಟೂಲ್ ಬ್ಯಾಗಿನಿಂದ ಬಳಪದ ಕಲ್ಲಿನ ಉಳಿದ ತುಂಡು ತೆಗೆದು ಮೇಜಿನ ಮೇಲಿಟ್ಟರು.

"ನಾಳೆ ನಿನ್ನ ಮಾತು ಯಾರೂ ನಂಬಲ್ಲ. ಇದನ್ನ ತಗೊಂಡು ಹೋಗು."

ಅಮ್ಮ ಕೇಳಿದಳು: "ಎರಡೂವರೆ ತಿಂಗಳು ಒಬ್ಬಳೇ ಅಲ್ಲಿ ಕೂತಿದ್ಯಾ?"

ಒಬ್ಬಳೇ ಅಲ್ಲ ಎಂದೆ.

ಆಗಸ್ಟ್ 11, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅಪ್ಪ ಕೆಲಸಕ್ಕೆ ರಜೆ ಹಾಕಿ, ಅಭ್ಯಾಸದಂತೆ ಟೂಲ್ ಬ್ಯಾಗ್ ಹೊತ್ತು ಜೊತೆಗೆ ಬಂದರು, ಕ್ಯುರೇಟರ್ ಸಾರ್ ಕೋಣೆಯ ಹೊರಗೆ ಕೂತರು. ಒಳಗೆ ಸಾರ್, ತಪಾಸಣಾ ಮೇಡಂ, ಗೋಡೆಗೆ ಆನಿಕೊಂಡು ಕೀಲಿಯಮ್ಮ. ನಾನು ಎಲ್ಲಾ ಹೇಳಿದೆ. ಸೋಮವಾರ ಹಿಂಬಾಗಿಲಿನಿಂದ ಬಂದದ್ದನ್ನೂ ಹೇಳಿದೆ. ಅದನ್ನು ಬಿಟ್ಟರೆ ಕಲ್ಲು ಒಳಗೆ ಹೋದದ್ದು ಹೇಗೆಂದು ಹೇಳಲು ಬರುವುದಿಲ್ಲ. ಕೀಲಿಯಮ್ಮ ಮುಖ ತಿರುಗಿಸಿಕೊಂಡರು.

"ನಿನ್ನ ಯಾರು ಕಳಿಸಿದ್ದು?" ಎಂದರು ಮೇಡಂ.

"ಯಾರೂ ಇಲ್ಲ."

"ಈಕೆ ನಿನಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ."

"ಸಣ್ಣ ಹುಡುಗಿ ಮೇಲೆ ಹಾಕಿ ಪಾರಾಗೋದು ಸುಲಭ ನೋಡಿ" ಎಂದರು ಅವರು ಸಾರ್ ಕಡೆ ತಿರುಗಿ.

ನಾನು ಕಂಪಾಸ್ ಪೆಟ್ಟಿಗೆ ತೆಗೆದು ಬಳಪದ ಕಲ್ಲನ್ನು ಮೇಜಿನ ಮೇಲಿಟ್ಟೆ. ಅಲ್ಲೇ ಇನ್ನೊಂದು ಹವಳ ಕೊರೆಯಲು ಎರಡು ಗಂಟೆ ಹಿಡಿಯಿತು. ಕೋಣೆಯಲ್ಲಿ ಕಲ್ಲು ಕೆರೆಯುವ ಸದ್ದು ಮಾತ್ರ. ಇಪ್ಪತ್ತೇಳನೆಯ ಗೆರೆ ಮುಗಿಸಿ ಊದಿ ಕೊಟ್ಟೆ. ಮೇಡಂ ಭೂತಗನ್ನಡಿ ಹಿಡಿದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಇದರಲ್ಲಿ ಗೆರೆಗಳೆಲ್ಲ ಸಮ ಇವೆ. ಪೆಟ್ಟಿಗೇಲಿ ಸಿಕ್ಕಿದ್ದರಲ್ಲಿ ಒಂದು ಕಡೆ ಇಷ್ಟಗಲ ಜಾಗ ಬಿಟ್ಟಿದೆ. ನಕಲು ಅಂತ ನಾನು ಕಂಡುಹಿಡಿದಿದ್ದೇ ಅದರಿಂದ. ಇದನ್ನ ಮಾಡಿದ ಕೈ ಬೇರೆ."

ಕೀಲಿಯಮ್ಮ ಕಣ್ಣು ಮುಚ್ಚಿಕೊಂಡರು.

ನಾನು ಎರಡನ್ನೂ ನೋಡಿದೆ. ಹೌದು, ಬೇರೆ ಬೇರೆಯಾಗಿದ್ದವು. ಯಾಕೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ಆಗ ನನಗೆ ಭಾಗಾಕಾರ ಸರಿಯಾಗಿ ಬರ್ತಿರಲಿಲ್ಲ ಮೇಡಂ. ಹದಿಮೂರು ಡಿಗ್ರಿ ಇಟ್ಟು, ಉಳಿದ ಒಂಬತ್ತನ್ನ ಬಿಟ್ಟುಬಿಟ್ಟಿದ್ದೆ. ಇವತ್ತು ಹದಿಮೂರರ ಜೊತೆ ಮೂರರಲ್ಲಿ ಒಂದು ಭಾಗಾನೂ ಇಟ್ಟೆ. ನೀವು ಬೇಕಾದ್ರೆ ಅಳೆದು ನೋಡಿ. ಆ ಅಗಲದ ಜಾಗ ಇಪ್ಪತ್ತೆರಡು ಡಿಗ್ರಿ ಇರುತ್ತೆ."

ಸಾರ್ ನನ್ನ ಕೋನಮಾಪಕವನ್ನೇ ತೆಗೆದುಕೊಂಡು ನಕಲಿನ ಮೇಲೆ ಇಟ್ಟರು. ಎರಡು ಸಲ ಅಳೆದರು. "ಇಪ್ಪತ್ತೆರಡು" ಎಂದರು.

"ಅದನ್ನ ಅಳೆದು ಬಂದು ಹೇಳ್ತಿರಬಹುದು" ಎಂದರು ಮೇಡಂ. ಆದರೆ ಮೊದಲಿನ ಗಟ್ಟಿತನ ಇರಲಿಲ್ಲ.

ಆಗ ಈ ನೋಟ್‌ಬುಕ್ಕಿನ ಕೊನೆಯ ಪುಟವನ್ನು ಹರಿದು ಕೊಟ್ಟೆ. ಹವಳದ ಚಿತ್ರ, ಇಪ್ಪತ್ತೇಳು ಗೆರೆಯ ಎಣಿಕೆ, ಶೇಷ 9 ಎಂದು ಬರೆದು ಅದರ ಮೇಲೆ ಎಳೆದ ಅಡ್ಡಗೀಟು, ಜೂನ್ ತಿಂಗಳ ತಾರೀಕು. ಕೆಳಗೆ ಏನೋ ಬರೆದಿದ್ದೆನೆಂಬುದು ನನಗೆ ನೆನಪಿರಲಿಲ್ಲ. ಮೇಡಂ ಅದನ್ನು ಗಟ್ಟಿಯಾಗಿ ಓದಿದರು:

"ಇಷ್ಟು ವರ್ಷ ಒಂದೇ ಇದೆ. ಮಾತಾಡೋಕಾದ್ರೂ ಇನ್ನೊಂದು ಬೇಡವೇ?"

ಓದಿ, ಪುಟವನ್ನು ಮಡಿಸಿ ಫೈಲಿನಲ್ಲಿಟ್ಟರು. ಕಳ್ಳತನದ ಮಾತು ಮತ್ತೆ ಬರಲಿಲ್ಲ.

ತೀರ್ಮಾನ: ಕೀಲಿಯಮ್ಮನ ಕೆಲಸ ಉಳಿಯಿತು. ನಿಯಮ ಮೀರಿದ್ದಕ್ಕೆ ಎಚ್ಚರಿಕೆ ಪತ್ರ. ಪೆಟ್ಟಿಗೆಗಳ ಕೀಲಿ ಇನ್ನು ಮುಂದೆ ಸಾರ್ ಹತ್ತಿರ. ನಾನು ಬರೆದುಕೊಟ್ಟ ತಪ್ಪೊಪ್ಪಿಗೆಯಲ್ಲಿ ಅಪ್ಪನ ಸಹಿ, ಫೋನ್ ನಂಬರು. ಹೊರಗೆ ಬಂದಾಗ ಅಪ್ಪ ಕೇಳಿದರು, "ಇಪ್ಪತ್ತೇಳು ಗೆರೇನೂ ಸಮ ಬಂತಾ?" ಹೌದೆಂದೆ. ಅಪ್ಪ ಮನೆಯವರೆಗೂ ಟೂಲ್ ಬ್ಯಾಗನ್ನು ನನಗೆ ಹೊರಲು ಕೊಟ್ಟರು.

ಆಗಸ್ಟ್ 12, ಮಂಗಳವಾರ

ಕ್ಷಮೆ ಕೇಳಲು ಹೋದೆ. ಕೀಲಿಯಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನಾನು ಬೆಂಚಿನಲ್ಲಿ ಕೂರಲಿಲ್ಲ, ನಿಂತೇ ಇದ್ದೆ. ಅವರೇ ಮಾತು ತೆಗೆದರು.

"ನಗಿಸೋಕೆ ಮಾಡಿದೆ ಅಂತ ಗೊತ್ತು. ನಗು ಬರಲಿಲ್ಲ ನನಗೆ. ನಾಲ್ಕು ದಿನ ಸೊಸೆ ಎದುರಿಗೆ ಊಟಕ್ಕೆ ಕೂರಲಿಲ್ಲ."

"ತಪ್ಪಾಯ್ತು ಅಕ್ಕ."

"ಸೋಮವಾರದ ಕೆಲಸ ಹೋಯ್ತು. ಹತ್ತೊಂಬತ್ತು ವರ್ಷ ಆ ಕಲ್ಲುಗಳನ್ನ ನಾನೇ ಒರೆಸಿದ್ದು. ಇನ್ನು ಸಾರ್ ಬೇರೆಯವರನ್ನ ಕರೆಸ್ತಾರೆ." ಗಾಜಿನ ಕಡೆ ನೋಡುತ್ತಾ ಹೇಳಿದರು. "ಹೋಗು ಈಗ."

ಹೋದೆ.

ಆಗಸ್ಟ್ 18, ಸೋಮವಾರ

ಮನೆಯಲ್ಲೇ ಇದ್ದೇನೆ. ಐದು ದಿನದಲ್ಲಿ ಪುಸ್ತಕ ಒಂದು ಸುತ್ತು ಮುಗಿಯಿತು. ಗೋಡೆ ಗಡಿಯಾರ ಎರಡು ನಿಮಿಷ ಮುಂದಿದೆ. ಗೂಬೆ ಫೋನ್ ಮಾಡಿದ್ದಳು. ಟೋಪಿಯ ಹುಡುಗಿಯರಲ್ಲಿ ಒಬ್ಬಳೂ ತನ್ನ ಜೊತೆ ಮಾತಾಡುವುದಿಲ್ಲವಂತೆ, ಜೂನಿನಿಂದಲೂ. ಅತ್ತಳು. ನನಗೆ ತಮಾಷೆ ಮಾಡಲು ಏನೂ ಹೊಳೆಯಲಿಲ್ಲ. ಒಂದು ಗಂಟೆ ಸುಮ್ಮನೆ ಕೇಳಿಸಿಕೊಂಡೆ.

ಆಗಸ್ಟ್ 19, ಮಂಗಳವಾರ

ಬೆಳಗ್ಗೆ ಅಪ್ಪ ಹೊರಡುವ ಹೊತ್ತಿಗೆ ಅವರ ಫೋನಿಗೆ ಕರೆ ಬಂತು. "ಯಾರೋ ಮ್ಯೂಸಿಯಂ ಇಂದ" ಎಂದು ನನ್ನ ಕೈಗಿಟ್ಟರು. ಇನ್ನೂ ಯಾವ ಪತ್ರಕ್ಕೆ ಸಹಿ ಬೇಕೋ ಎಂದುಕೊಂಡೆ.

"ವಾರ ಆಯ್ತು. ಎಲ್ಲಿ ಹಾಳಾಗಿ ಹೋಗಿದ್ಯೆ ಕೋತಿ?"

"ಹೋಗು ಅಂದಿದ್ರಲ್ಲ ಅಕ್ಕ."

"ಕೋಪ ಬಂದಿತ್ತು, ಹೋಗು ಅಂದೆ. ಕೋಪ ಬಂದ್ರೆ ಜನ ಹಾಗೆ ಅಂತಾರೆ. ಅಂದ್ರೆ ಹೋಗಿಬಿಡೋದಾ?" ಪ್ಲಾಸ್ಟಿಕ್ ಕುರ್ಚಿ ಎಳೆದ ಸದ್ದು ಕೇಳಿಸಿತು. "ಆ ಹಾಲ್‌ನಲ್ಲಿ ಒಬ್ಬಳೇ ಕೂತಿರೋಕೆ ಆಗಲ್ಲ ನನಗೆ. ಮೊದಲು ಆಗ್ತಿತ್ತು. ಈಗ ಆಗಲ್ಲ."

ಬಾಗಿಲು ತೆಗೆಯುವುದು ಹತ್ತಕ್ಕೆ. ಈಗ ಒಂಬತ್ತೂವರೆ. ಚಪ್ಪಲಿಯ ಒಂದು ಕಾಲು ಕಾಣುತ್ತಿಲ್ಲ.